ಹೆಸರೆತ್ತದೆ ಇಂಗ್ಲಿಷ್ ಕಲಿತ ಮನೆ

ನಮ್ಮ ಅಜ್ಜಿ ಮಲ್ಲಿಗೆಯನ್ನು ಮಲ್ಲಿಗೆ ಎಂದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅಜ್ಜನ ಹೆಸರು ಮಲ್ಲಪ್ಪ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಎತ್ತಬಾರದು ಎನ್ನುವುದು ನಮ್ಮ ಕಡೆಯ ಹಳೆಯ ರೂಢಿ. ಅಜ್ಜಿ ಅದನ್ನು ಇನ್ನಷ್ಟು ಬಿಗಿ ಮಾಡಿಕೊಂಡು, ಆ ಹೆಸರಿನ ಸುಳಿವಿದ್ದ ಯಾವ ಮಾತನ್ನೂ ನಾಲಿಗೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಕನಕಗಿರಿಯ ಸಂತೆಯಲ್ಲಿ ಹೂವಿನವಳ ಮುಂದೆ ನಿಂತು, ಸಂಜೆಗೆ ಅರಳುವ, ಘಮ್ಮೆನ್ನುವ ಆ ಬಿಳಿಯದನ್ನು ಒಂದು ಮಾರು ಕೊಡು ಎನ್ನುತ್ತಿದ್ದಳು. ಒಮ್ಮೆ ಪಡಿತರ ಚೀಟಿಗೆ ಹೆಸರು ಬರೆದುಕೊಳ್ಳಲು ಬಂದವನೊಬ್ಬ, ಪಾಪ, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅಜ್ಜಿಗೆ ಗಂಡನ ಹೆಸರು ಕೇಳಿಬಿಟ್ಟ.

“ಶ್ರೀಶೈಲದಾಗ ಯಾವ ದೇವರ ಅದಾನ್ರಿ?” ಅಂದಳು ಅಜ್ಜಿ.

“ಮಲ್ಲಿಕಾರ್ಜುನ.”

“ಅಷ್ಟ ಉದ್ದ ಬ್ಯಾಡ್ರಿ. ಮುಂದಿಂದು ಇಟ್ಕೊಂಡು ಹಿಂದಿಂದು ಬಿಡ್ರಿ. ನೀವು ನಿಮ್ಮ ತಂದೀನ್ನ ಏನಂತ ಕರೀತೀರಿ, ಅದನ್ನ ಅಲ್ಲಿ ಹಚ್ರಿ.”

ಬರೆಯುವವನು ಹಣೆ ಒರೆಸಿಕೊಂಡು ಮಲ್ಲಪ್ಪ ಎಂದು ಬರೆಯುವಷ್ಟರಲ್ಲಿ, ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಿದ್ದ ಅಜ್ಜ ನಕ್ಕು ನಕ್ಕು ಕೆಮ್ಮು ಹಚ್ಚಿಕೊಂಡಿದ್ದ. ತನ್ನ ಹೆಸರನ್ನು ಬಾಯಿಬಿಟ್ಟು ಹೇಳಿ ಆ ಮನುಷ್ಯನ ಕಷ್ಟ ತಪ್ಪಿಸಬೇಕೆಂದು ಅವನಿಗೆ ಅನಿಸಲೇ ಇಲ್ಲ. ಹೆಂಡತಿ ತನ್ನ ಹೆಸರಿನ ಸುತ್ತ ಹೀಗೆ ಸುತ್ತುವುದನ್ನು ನೋಡುವುದೇ ಅವನಿಗೆ ಹಬ್ಬ.

ಇಂಥ ಮನೆಗೆ ಇಂಗ್ಲಿಷ್ ಬಂದದ್ದು ಚಿಗವ್ವನ ಜೊತೆಯಲ್ಲಿ. ಚಿಗವ್ವ ಎಂದರೆ ನನ್ನಪ್ಪನ ತಮ್ಮನ ಹೆಂಡತಿ, ಗಿರಿಜಾ. ಗಂಗಾವತಿಯಲ್ಲಿ ಕಾಲೇಜು ಓದಿ, ಬಿ.ಎಡ್. ಕೂಡ ಮುಗಿಸಿಕೊಂಡು ಸೊಸೆಯಾಗಿ ಬಂದವಳು. ತವರಿನಿಂದ ತಂದ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ರಟ್ಟು ಕಿತ್ತ ಒಂದು ದಪ್ಪ ಡಿಕ್ಷನರಿ ಇತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅವಳು ಪಡಸಾಲೆಯ ಬೆಳಕಿಂಡಿಯ ಕೆಳಗೆ ಕೂತು ಅದನ್ನು ತೆರೆಯುತ್ತಿದ್ದಳು, ನಾನು ಅವಳ ಹೆಗಲಿಗೆ ಗದ್ದ ಊರಿ ಇಣುಕುತ್ತಿದ್ದೆ. ನಾನಾಗ ಕನ್ನಡ ಶಾಲೆಯ ಐದನೆಯ ತರಗತಿ. ಇಂಗ್ಲಿಷ್ ಎಂದರೆ ಬೆಕ್ಕು, ಇಲಿ, ಚೆಂಡಿನ ಚಿತ್ರದ ಕೆಳಗೆ ಬರೆದಿರುವ ಪುಟ್ಟ ಪುಟ್ಟ ಶಬ್ದಗಳು ಎಂದಷ್ಟೇ ತಿಳಿದಿದ್ದೆ. ಚಿತ್ರ ಬರೆಯಲಿಕ್ಕೆ ಬಾರದ ಸಂಗತಿಗಳಿಗೂ, ಮನಸ್ಸಿನೊಳಗೇ ಹುಟ್ಟಿ ಮನಸ್ಸಿನೊಳಗೇ ಅಡಗುವಂಥದ್ದಕ್ಕೂ ಅಲ್ಲಿ ಹೆಸರುಗಳಿವೆ ಎಂದು ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ಒಂದು ಮಧ್ಯಾಹ್ನ ಚಿಗವ್ವ ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು.

“ಸಾವಿ, ಶಬ್ದ ಒಂದೊಂದ ಉದುರಿ ಹೊಂಟಾವ. ನಿನ್ನಿ ಒಂದು ಎಷ್ಟ ಹೊತ್ತಾದ್ರೂ ನೆನಪಿಗೆ ಬರಲಿಲ್ಲ. ಅಳುನ ಬಂತು ನೋಡು.”

ಅದಾದ ಕೆಲವು ದಿನಕ್ಕೇ ಗಂಗಾವತಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್ ಬೇಕಾಗಿದ್ದಾರೆ ಎಂಬ ಸುದ್ದಿಯನ್ನು ಚಿಗಪ್ಪ ತಂದ. ಒಂದು ಪಾಠ ಮಾಡಿ ತೋರಿಸಬೇಕು, ದೊಡ್ಡ ಇಂಗ್ಲಿಷ್ ಶಬ್ದಗಳನ್ನು ಮಕ್ಕಳ ತಲೆಗೆ ಹೋಗುವಂತೆ ಕಲಿಸುವವರೇ ಬೇಕಂತೆ. ಚಿಗವ್ವ ರವಿವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ ಮಾತು ತೆಗೆದಳು. ಪಲ್ಯ ಬಡಿಸುತ್ತಿದ್ದ ನಮ್ಮವ್ವನ ಸೌಟು ಅಲ್ಲೇ ನಿಂತಿತು. ಅವ್ವನದು ಕೆಟ್ಟ ಮನಸ್ಸಲ್ಲ, ಆದರೆ ಇಷ್ಟು ಮಂದಿಯ ರೊಟ್ಟಿಯನ್ನು ಒಬ್ಬಳೇ ಬಡಿದ ವರ್ಷಗಳನ್ನು ಅವಳ ತೋಳು ಮರೆತಿರಲಿಲ್ಲ.

“ಆಕಿ ದಿನಾ ಬಸ್ ಹತ್ತಿದ್ರ, ಹಂಚಿನ ಮುಂದ ಕುಂಡ್ರೋರು ಯಾರು? ನಾ ಒಬ್ಬಾಕಿನ?”

“ನಾ ಮುಂಜಾನೆ ಬಡದಿಟ್ಟ ಹೋಗತೀನ್ರಿ ಅಕ್ಕ.”

“ಹೇಳಾಕೇನ, ಎಲ್ಲಾ ಛಲೋನ ಕೇಳತೈತಿ.”

ಚಿಗಪ್ಪ ತಾಟಿನಲ್ಲಿ ಮುಖ ಹುದುಗಿಸಿದ. ಸುದ್ದಿ ತಂದವನೇ ಅವನು, ಜಗಳ ಹತ್ತಿದಾಗ ನಾನವನಲ್ಲ ಎಂಬಂತೆ ಶೇಂಗಾ ಚಟ್ನಿಯ ಗುಣಗಾನ ಮಾಡತೊಡಗಿದ. ಅಪ್ಪ ಎಂದಿನಂತೆ ಅಜ್ಜಿಯ ಮುಖ ನೋಡಿದ. ಮನೆಯಲ್ಲಿ ಹೂಂ, ಊಹೂಂ ಎರಡನ್ನೂ ಹೇಳುವವಳು ಅಜ್ಜಿ. ಅವಳು ಮಜ್ಜಿಗೆ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದಳು.

“ಮೊದಲ ಇಲ್ಲಿ ಕಲಸು. ಮನ್ಯಾಗ ನಮಗ ತಿಳೀತಂದ್ರ ಹೊರಗಿನ ಹುಡುಗ್ರಿಗೂ ತಿಳೀತು. ಹೋಗೋದು ಬಿಡೋದು ಆಮ್ಯಾಲ ನೋಡೂಣು.”

ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ. ಚಿಗವ್ವನ ಪಾಲಿಗೆ ಅಷ್ಟೇ ಸಾಕಾಯಿತು. ಅವತ್ತೇ ಸಂಜೆ ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿಕೊಂಡು, ಕಾಲೇಜಿನಲ್ಲಿ ತನಗೆ ಕಲಿಸಿದ್ದ ಹಾಗೆಯೇ ಶುರು ಮಾಡಿದಳು. ಗ್ಯಾರುಲಸ್ ಅಂದರೆ ವಾಚಾಳಿ. ಫ್ರೂಗಲ್ ಅಂದರೆ ಮಿತವ್ಯಯಿ. ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು. ಊಟಕ್ಕೆ ಏಳುವಷ್ಟರಲ್ಲಿ ಎಲ್ಲವೂ ಗಾಳಿಗೆ ಹೋಗಿತ್ತು. ಮಿತವ್ಯಯಿ ಎಂಬ ಕನ್ನಡವೇ ಯಾರಿಗೂ ಗೊತ್ತಿರಲಿಲ್ಲ. ಚಿಗವ್ವನ ಮುಖ ಸಪ್ಪಗಾಯಿತು. ಅಜ್ಜಿ ಎಲೆ ಅಡಿಕೆಯ ಚೀಲ ಬಿಚ್ಚುತ್ತ ಅಂದಳು:

“ಹಿಂಗಲ್ಲ ಅದು. ನಾ ನಿಮ್ಮ ಮಾವನ ಹೆಸರು ಎಂದಾರ ಹೇಳೇನೇನು? ಆದರೂ ಊರಾಗ ಯಾರಿಗೆ ತಿಳಿಯಂಗಿಲ್ಲ ಹೇಳು. ಹೆಸರು ಮುಚ್ಚಿಡಬೇಕು, ಮನಶ್ಯಾನ್ನ ತೋರಿಸಬೇಕು.”

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಕಟ್ಟಳೆ ಅಜ್ಜಿಯದೇ. ಮುಂಜಾನೆ ರೊಟ್ಟಿ ಬಡಿಯುವಾಗ ಚಿಗವ್ವ ಅವತ್ತಿನ ಶಬ್ದವನ್ನೂ ಅದರ ಅರ್ಥವನ್ನೂ ಎಲ್ಲರಿಗೂ ಒಮ್ಮೆ ಹೇಳಬೇಕು. ಆಮೇಲೆ ದಿನವಿಡೀ ಆ ಶಬ್ದವನ್ನು ಯಾರೂ ಬಾಯಲ್ಲಿ ಎತ್ತಬಾರದು. ಸಂಜೆ ಪಡಸಾಲೆಯಲ್ಲಿ ಒಬ್ಬೊಬ್ಬರಾಗಿ ಅದನ್ನು ಹೆಸರೆತ್ತದೆ ತೋರಿಸಬೇಕು, ಚೆನ್ನಾಗಿ ತೋರಿಸಿದವರಿಗೆ ಅಜ್ಜಿಯ ಕೈಯಿಂದ ಬೆಲ್ಲದ ಚೂರು. ಬಾಯಿ ತಪ್ಪಿ ಶಬ್ದ ಅಂದವರು ದಂಡವಾಗಿ ಎದ್ದು ನಿಂತು ಒಡಪು ಹೇಳಬೇಕು. ಮದುವೆ ಮನೆಯಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಕಟ್ಟಿ ಹೇಳುತ್ತಾರಲ್ಲ, ಆ ಒಡಪು. ಗಂಡಸರಿಗೂ ಮಾಫಿ ಇರಲಿಲ್ಲ. ಮೊದಲು ಸಿಕ್ಕಿಬಿದ್ದವನು ಅಪ್ಪನೇ. ಬಟ್ಟೆ ಅಂಗಡಿಯಲ್ಲಿ ಗತ್ತಿನಿಂದ ಕೂರುವ ಮನುಷ್ಯ ಪಡಸಾಲೆಯ ನಡುವೆ ಕೈಕಟ್ಟಿ ನಿಂತು, ಸಂತಿಗೆ ಹೋದ್ರ ತರತೀನಿ ಬಾಳಿಹಣ್ಣು, ಪಾರ್ವತಿ ಸಿಟ್ಟಾದ್ರ ಕೆಂಪಗ ಆಗತೈತಿ ಕಣ್ಣು ಎಂದ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಡುಗೆ ಮನೆಗೆ ಓಡಿದಳು.

ಶಬ್ದಗಳು ನಮ್ಮ ಮನೆಯಲ್ಲಿ ಓಡಾಡತೊಡಗಿದವು. ಮೆಟಿಕ್ಯುಲಸ್ ಎಂದರೆ ಅತಿ ಅಚ್ಚುಕಟ್ಟು ಎಂದು ಡಿಕ್ಷನರಿ ಹೇಳಿದರೆ, ಅಜ್ಜಿ ಅದನ್ನು ಹೀಗೆ ತೋರಿಸಿದಳು: ಅಂಗಡಿಗೆ ಬೀಗ ಹಾಕಿ, ಜಗ್ಗಿ ನೋಡಿ, ಓಣಿಯ ತಿರುವಿನ ತನಕ ಹೋಗಿ, ಮತ್ತೆ ಬಂದು ಜಗ್ಗಿ ನೋಡುವವನು. ಎಲ್ಲರೂ ಅಪ್ಪನ ಕಡೆ ತಿರುಗಿದೆವು. ಪ್ರೊಕ್ರಾಸ್ಟಿನೇಟ್ ಎಂಬ ಉದ್ದನೆಯದು ಬಂದ ದಿನ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಅಜ್ಜ ಎದ್ದು ಹೋಗಿ ಹಿತ್ತಲ ನಲ್ಲಿಯ ಕೆಳಗಿನ ಬಕೆಟ್ಟನ್ನು ತಂದು ನಡುವೆ ಇಟ್ಟ. ಆ ನಲ್ಲಿಯನ್ನು ನಾಳೆ ರಿಪೇರಿ ಮಾಡುತ್ತೇನೆ ಎಂದು ಚಿಗಪ್ಪ ಹೇಳುತ್ತ ಬಂದು ಎಷ್ಟೋ ಕಾಲವಾಗಿತ್ತು. ಮರುದಿನವೇ ನಲ್ಲಿ ರಿಪೇರಿಯಾಯಿತು ಎನ್ನುವುದನ್ನು ಇಂಗ್ಲಿಷಿನ ಉಪಕಾರಗಳಲ್ಲಿ ಮೊದಲನೆಯದೆಂದು ಲೆಕ್ಕ ಹಿಡಿಯಬೇಕು. ನಾನಂತೂ ಹುಚ್ಚಿಯಾಗಿದ್ದೆ. ಶಾಲೆಗೆ ಹೋಗುವ ದಾರಿಯಲ್ಲಿ ಕಂಡವರನ್ನೆಲ್ಲ ಯಾವ ಶಬ್ದಕ್ಕೆ ಸೇರಿಸಲಿ ಎಂದು ನೋಡುತ್ತಿದ್ದೆ. ಹಿಟ್ಟಿನ ಗಿರಣಿಯವನು, ಬಳೆ ಅಂಗಡಿಯ ಬೀಬಿ, ನಮ್ಮ ಹೆಡ್ ಮಾಸ್ತರು, ಯಾರೂ ಬರೀ ಮನುಷ್ಯರಾಗಿ ಉಳಿಯಲಿಲ್ಲ. ದಿನದ ಶಬ್ದ ನನ್ನ ಬಾಯೊಳಗೆ ಪೆಪ್ಪರಮಿಂಟಿನಂತೆ ಇರುತ್ತಿತ್ತು. ಹೇಳಬಾರದು, ಕರಗಿಸಲೂಬಾರದು. ಆ ಸುಖವನ್ನು ಆಮೇಲೆ ಯಾವ ತರಗತಿಯೂ ನನಗೆ ಕೊಡಲಿಲ್ಲ, ನಾನೇ ಪಾಠ ಮಾಡುವ ತರಗತಿಯೂ ಸೇರಿ.

ಅವ್ವ ಮಾತ್ರ ಮೊದಮೊದಲು ಅಡುಗೆ ಮನೆಯ ಬಾಗಿಲಿಗೆ ಆತು ಕೇಳುತ್ತಿದ್ದಳೇ ಹೊರತು ಒಳಗೆ ಬರುತ್ತಿರಲಿಲ್ಲ. ಎಫೆಮರಲ್ ಎಂಬ ಶಬ್ದದ ದಿನ ಎಲ್ಲರೂ ತಡವರಿಸಿದೆವು. ಇದ್ದಂತೆ ಇದ್ದು ಕ್ಷಣದಲ್ಲಿ ಇಲ್ಲವಾಗುವುದು. ಅಪ್ಪ ಇಬ್ಬನಿ ಎಂದ, ಅಜ್ಜ ತನ್ನ ಯೌವನ ಎಂದ, ಅಜ್ಜಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಆಗ ಬಾಗಿಲಿನಿಂದ ಅವ್ವನ ದನಿ ಬಂತು.

“ಹಂಚಿನ ಮ್ಯಾಲ ರೊಟ್ಟಿ ಉಬ್ಬತೈತಲ್ರಿ. ಚಂದ ಆತು, ಯಾರಿಗರ ತೋರಸಬೇಕು ಅನ್ನೂದರಾಗ ಉಸುರು ಬಿಟ್ಟ ಕುಂತ ಬಿಡತೈತಿ. ನಾ ಒಬ್ಬಾಕಿನ ನೋಡಿರತೀನಿ.”

ಅಜ್ಜಿ ಬೆಲ್ಲದ ಚೂರಲ್ಲ, ಅಚ್ಚನ್ನೇ ಎತ್ತಿ ಅವ್ವನ ಕೈಗೆ ಕೊಟ್ಟಳು. ಇಷ್ಟು ದಿನ ಅವ್ವ ಒಬ್ಬಳೇ ನೋಡುತ್ತಿದ್ದುದನ್ನು ನಾವು ಯಾರೂ ಕೇಳಿರಲೇ ಇಲ್ಲ. ಆವತ್ತಿನಿಂದ ಅವ್ವ ಬಾಗಿಲು ಬಿಟ್ಟು ಒಳಗೆ ಬಂದು ಕೂತಳು. ಮರುದಿನ ಹಿಟ್ಟು ನಾದುತ್ತ ಚಿಗವ್ವನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

“ನೀ ಹೋಗು. ಇಲ್ಲಿಂದು ನಾ ನೋಡ್ಕೋತೀನಿ. ಆದ್ರ ದಿನಾ ಬರೋವಾಗ ನನಗೊಂದು ಹೊಸ ಶಬ್ದ ತರಬೇಕ ನೋಡು.”

ಉಳಿದದ್ದು ಅಜ್ಜಿ. ಅವಳು ಎಲ್ಲರಿಗಿಂತ ಚುರುಕಾಗಿ ಆಡುತ್ತಿದ್ದಳು, ಚಿಗವ್ವನ ನೌಕರಿಯ ಮಾತು ಬಂದರೆ ಮಾತ್ರ ಅಡಿಕೆ ಕತ್ತರಿಸುತ್ತಿದ್ದಳು. ಪಾಠ ತೋರಿಸುವ ದಿನ ಬಂತು. ಚಿಗವ್ವನ ಜೊತೆಗೆ ನಾನು ಹೋಗುವುದೆಂದು ಮಾತಾಗಿತ್ತು. ಹೊರಡುವ ಹೊತ್ತಿಗೆ ಅಜ್ಜಿಯೂ ಇಳಕಲ್ ಸೀರೆ ಉಟ್ಟು ಸಿದ್ಧಳಾಗಿದ್ದಳು. ಸೊಸೆ ಎಲ್ಲಿ ಹೋಗುತ್ತಾಳೆ, ಎಂಥವರ ನಡುವೆ ಇರುತ್ತಾಳೆ ನೋಡಬೇಕಂತೆ. ಸಿದ್ಧಳಾಗಿದ್ದಳು ಎಂದೆ, ಆದರೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುವುದಕ್ಕೆ ಅವಳು ತೆಗೆದುಕೊಂಡ ಸಮಯದಲ್ಲಿ ಒಂದು ಬಸ್ಸು ಹೋಗಿಯೇಬಿಟ್ಟಿತು. ಮುಂದಿನ ಬಸ್ಸಿನಲ್ಲಿ ಅಜ್ಜಿಗೆ ಮುಂದೆ ಸೀಟು ಸಿಕ್ಕಿತು, ನಾವಿಬ್ಬರೂ ಹಿಂದೆ. ಚಿಗವ್ವ ಅಜ್ಜಿಯ ಬೆನ್ನನ್ನೇ ನೋಡುತ್ತಿದ್ದವಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು.

“ಇವತ್ತಿಂದು ರಿಲಕ್ಟೆಂಟ್. ಮನಸ್ಸಿಲ್ಲದ ಮನಸ್ಸಿನಿಂದ ಮಾಡೂದು. ತಿಳೀತಿಲ್ಲ?”

ಮುಂಜಾನೆ ಶಬ್ದ ಹೇಳುವ ಕೆಲಸ ಅಲ್ಲಿಗೆ ಮುಗಿಯಿತು, ನನ್ನ ಲೆಕ್ಕದಲ್ಲೂ ಅವಳ ಲೆಕ್ಕದಲ್ಲೂ. ಶಾಲೆ ಮುಟ್ಟಿದಾಗ ದಪ್ಪ ಕನ್ನಡಕದ ಹೆಡ್ ಮೇಡಂ ನಮ್ಮನ್ನು ಆರನೆಯ ತರಗತಿಗೆ ಕರೆದೊಯ್ದರು. ಅಜ್ಜಿಗೆ ಹೊರಗೆ ವರಾಂಡದಲ್ಲಿ, ಕಿಟಕಿಯ ಪಕ್ಕಕ್ಕೆ, ಒಂದು ಕುರ್ಚಿ. ನನಗೆ ಕೊನೆಯ ಬೆಂಚು. ಮೇಡಂ ಬಾಗಿಲ ಬಳಿ ನಿಂತರು. ಚಿಗವ್ವ ಸುಣ್ಣದ ಕಡ್ಡಿ ಕೈಗೆ ತೆಗೆದುಕೊಂಡಳು, ಆದರೆ ಬೋರ್ಡಿನ ಕಡೆ ಅವಳು ತಿರುಗಲೇ ಇಲ್ಲ. ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ಶುರು ಮಾಡಿದಳು. ಒಂದು ಮನೆಯಲ್ಲಿ ಒಬ್ಬ ಹಿರಿಯಳು ಇದ್ದಾಳೆ. ಒಂದು ಕೆಲಸಕ್ಕೆ ಅವಳು ಬೇಡ ಎನ್ನುವುದಿಲ್ಲ, ಹೂಂ ಎನ್ನುವುದೂ ಇಲ್ಲ. ಎಲ್ಲರ ಜೊತೆ ಹೊರಡುತ್ತಾಳೆ, ಆದರೆ ಚಪ್ಪಲಿ ಮೆಟ್ಟುವುದಕ್ಕೆ ಎಷ್ಟು ಹೊತ್ತು! ಕಾಲು ಮುಂದೆ ಹೋಗುತ್ತದೆ, ಮನಸ್ಸು ಹಿಂದಕ್ಕೆ ಜಗ್ಗುತ್ತದೆ. ನಿಮಗೆ ಹೀಗೆ ಎಂದಾದರೂ ಆಗಿದೆಯೇ? ಮುಂದಿನ ಬೆಂಚಿನ ಹುಡುಗ ಕ್ಷೌರಕ್ಕೆ ಹೋಗುವಾಗ ತನಗೆ ಹಾಗಾಗುತ್ತದೆ ಎಂದ. ಹುಡುಗಿಯೊಬ್ಬಳು ಹೊಸ ರಬ್ಬರನ್ನು ತಂಗಿಗೆ ಕೊಡುವಾಗ ಎಂದಳು. ಇನ್ನೊಬ್ಬ ಎದ್ದು ನಿಂತು, ಅಪ್ಪ ಫೋಟೋಕ್ಕೆ ನಗು ಅಂದಾಗ ಎಂದ. ಒಬ್ಬರ ಮೇಲೊಬ್ಬರು ಕೈ ಎತ್ತಿದರು. ಚಿಗವ್ವ ಬೆಂಚುಗಳ ನಡುವೆ ಹಾರುತ್ತಿದ್ದಳು. ಬೆಲ್ ಹೊಡೆಯಿತು.

“ಶಬ್ದ ಯಾವುದು?” ಎಂದರು ಮೇಡಂ ಬಾಗಿಲಿನಿಂದ.

ಚಿಗವ್ವ ಬೋರ್ಡಿನತ್ತ ನೋಡಿದಳು. ಬೋರ್ಡು ಬರೀ ಕರಿಯಾಗಿ ನಿಂತಿತ್ತು.

“ಅದ ರೀ ಮೇಡಂ, ಯಾರಾರ ಕೈ ಹಿಡದು ಜಗ್ಗಿದಾಗ ಎದ್ದ ಬರತೀವಲ್ರಿ, ಆದ್ರ...”

“ಅರ್ಥ ಬ್ಯಾಡ್ರಿ. ನಾ ಶಬ್ದ ಕೇಳಿದ್ದು.”

ಅಯ್ಯೋ, ಚಿಗವ್ವ ಮತ್ತೊಂದು ಉಪಮೆಗೆ ಕೈ ಹಾಕಿದಳು! ಇಷ್ಟು ದಿನ ಮನೆಯಲ್ಲಿ ಶಬ್ದ ಎತ್ತದಂತೆ ಪಳಗಿದ ನಾಲಿಗೆ, ಎತ್ತಬೇಕಾದ ಹೊತ್ತಿನಲ್ಲಿ ಏಳಲಿಲ್ಲ. ನನ್ನ ಬಾಯಲ್ಲಿ ಅದು ಕುದಿಯುತ್ತಿತ್ತು. ಆದರೆ ನಾನೂ ಅದೇ ಮನೆಯವಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತೆ. ಪಡಸಾಲೆಯಲ್ಲಿ ನಮಗೆಲ್ಲ ಮುಂಜಾನೆಯೇ ಶಬ್ದ ಗೊತ್ತಿರುತ್ತಿತ್ತು, ಈ ಮಕ್ಕಳಿಗೆ ಅದನ್ನು ಯಾರೂ ಹೇಳೇ ಇಲ್ಲ ಎಂದು ನಮ್ಮಿಬ್ಬರಿಗೂ ಆಗ ಹೊಳೆಯಿತು. ಮೇಡಂ ನಮ್ಮನ್ನು ಆಫೀಸಿಗೆ ಕರೆದುಕೊಂಡು ಹೋದರು. ಶಬ್ದ ಕಲಿಸುವ ಪಾಠದಲ್ಲಿ ಶಬ್ದವೇ ಇಲ್ಲದಿದ್ದರೆ ಹೇಗೆ ಎಂದು ಅವರು ಮೆತ್ತಗೇ ಕೇಳಿದರು, ಅದು ಬೈದದ್ದಕ್ಕಿಂತ ಹೆಚ್ಚು ಚುಚ್ಚಿತು. ಚಿಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಎಲ್ಲ ಮುಗಿದು ಹೋಯಿತು ಎಂದು ನನಗೆ ಅಳು ಒತ್ತರಿಸಿ ಬಂತು. ಅಷ್ಟರಲ್ಲಿ ಗಣಿತದ ಸರ್ ಒಳಗೆ ಬಂದರು.

“ಮೇಡಂ, ಆರನೇ ಕ್ಲಾಸಿನ್ಯಾಗ ಪಾಠ ಶುರು ಮಾಡಾಕ ಬಿಡವಲ್ಲರು. ಅದಕ್ಕ ಏನಂತಾರ ಹೇಳ್ರಿ ಅಂತ ನನ್ನ ಜೀವಾ ತಿನ್ನಾಕಹತ್ಯಾರ. ಯಾವುದಕ್ಕ ಅಂತ ಕೇಳಿದ್ರ ಒಬ್ಬ ಕ್ಷೌರ ಅಂತಾನ, ಒಬ್ಬಾಕಿ ರಬ್ಬರ್ ಅಂತಾಳ.”

ಮೇಡಂ ಕನ್ನಡಕ ತೆಗೆದು ಒರೆಸಿದರು. ಚಿಗವ್ವನ ಕಡೆ ತಿರುಗಿದರು.

“ಹೋಗಿ ಹೇಳಿ ಬರ್ರಿ. ಇಲ್ಲಾಂದ್ರ ಇವತ್ತ ಅವರು ಯಾರ ಪಾಠಾನೂ ಕೇಳಂಗಿಲ್ಲ.”

ಚಿಗವ್ವ ಓಡಿದಳು, ನಾನೂ ಓಡಿದೆ. ಅವಳು ಈ ಸಲ ನೇರ ಬೋರ್ಡಿಗೆ ಹೋಗಿ ದೊಡ್ಡ ಅಕ್ಷರದಲ್ಲಿ ಬರೆದು, ತಿರುಗಿ, ಗಟ್ಟಿಯಾಗಿ ಹೇಳಿದಳು. ಇಡೀ ತರಗತಿ ಅದನ್ನು ಕೂಗಿತು. ಬಾಯಾರಿದವರು ನೀರಿಗೆ ಬಾಯಿ ಹಚ್ಚಿದ ಹಾಗೆ. ನಾನೂ ಕೈ ತೆಗೆದು ಕೂಗಿದೆ. ಅರ್ಥ ಮೊದಲು ಬಂದು, ಮನಸ್ಸು ಕಾದು ಕಾದು ಸುಸ್ತಾಗಿ, ಆಮೇಲೆ ಹೆಸರು ಬಂದರೆ ಅದು ಎಂದೂ ಉದುರುವುದಿಲ್ಲ ಎಂದು ನನಗೆ ಕಂಡದ್ದು ಆ ಗದ್ದಲದ ನಡುವೆ. ಮುಂದೆ ನಾನು ಏನಾಗಬೇಕು ಎಂಬುದೂ ಅಲ್ಲೇ ತೀರ್ಮಾನವಾಯಿತು, ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಸೋಮವಾರದಿಂದ ಬನ್ನಿ ಎಂದರು ಮೇಡಂ, ಆದರೆ ಮುಗಿಸುವ ಮುಂಚೆ ಬೋರ್ಡಿನ ಮೇಲೆ ಬರೆಯಲೇಬೇಕು ಎಂಬ ಷರತ್ತಿನ ಮೇಲೆ.

ಬಸ್ ಸ್ಟ್ಯಾಂಡಿನ ತನಕ ಅಜ್ಜಿ ನಮ್ಮ ಮುಂದೆ ಮುಂದೆ ನಡೆದಳು. ಕಿಟಕಿಯ ಪಕ್ಕ ಕೂತವಳು ಎಲ್ಲವನ್ನೂ ಕೇಳಿದ್ದಳು ಎಂದು ನಮಗೆ ಗೊತ್ತಿತ್ತು. ನೌಕರಿ ಸಿಕ್ಕಿತು ಎಂದು ಚಿಗವ್ವ ಕಾಲಿಗೆ ನಮಸ್ಕಾರ ಮಾಡಿದಾಗಲೂ ತಲೆ ಮುಟ್ಟಿದಳೇ ಹೊರತು ಹೋಗು ಎನ್ನಲಿಲ್ಲ. ಬಸ್ಸು ಗಂಗಾವತಿಯ ಭತ್ತದ ಗದ್ದೆಗಳನ್ನು ದಾಟುತ್ತಿತ್ತು. ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದೆವು.

“ಗಿರಿಜಾ.”

“ಏನ್ರಿ ಅತ್ತಿ.”

“ಚಪ್ಪಲಿ ಮೆಟ್ಟಾಕ ತಡಾ ಮಾಡೋ ಆ ಹಿರೇಮನಶ್ಯಾಳು ಯಾರ?”

“ನೀನ ಅಜ್ಜಿ” ಎಂದು ನಾನು ಅಂದುಬಿಟ್ಟೆ.

“ನಿನ್ನ ಕೇಳಿಲ್ಲ, ಗಪ್ ಕುಂಡ್ರು. ಆಕಿ ಹೇಳಲಿ.”

ಚಿಗವ್ವ ತಲೆ ತಗ್ಗಿಸಿ, ನೀವ್ರೀ ಎಂದಳು. ಅಜ್ಜಿ ಗದ್ದೆಗಳ ಕಡೆ ಮುಖ ತಿರುಗಿಸಿದಳು.

“ಬರೋಬ್ಬರಿ ಹೇಳಿದಿ ಬಿಡು” ಎಂದಳು. ಅಷ್ಟೇ. ಚಿಗವ್ವನ ಕೈ ನನ್ನ ಕೈಯನ್ನು ಹಿಡಿದುಕೊಂಡಿತ್ತು. ನೌಕರಿ ಕೈಗೆ ಬಂದು ಬಸ್ಸಿನಲ್ಲಿ ಜಾರಿ ಹೋಗುತ್ತಿದೆ ಎಂದು ಅವಳಿಗೂ ಅನಿಸಿರಬೇಕು. ಕಂಡಕ್ಟರ್ ಟಿಕೆಟ್ ಟಿಕೆಟ್ ಎನ್ನುತ್ತ ನಮ್ಮ ಬಳಿ ಬಂದ. ಅಜ್ಜಿ ಟಿಕೆಟ್ ತೆಗೆಸಿದಳು, ಆದರೆ ಅವನನ್ನು ಮುಂದೆ ಹೋಗಲು ಬಿಡಲಿಲ್ಲ.

“ತಮ್ಮಾ, ದಿನಾ ಹೋಗಿ ಬರೋರಿಗೆ ಪಾಸ್ ಅಂತ ಮಾಡಿ ಕೊಡತಾರಂತಲ್ಲ, ಅದನ್ನ ಎಲ್ಲಿ ಮಾಡಸಬೇಕಪಾ?”

“ಡಿಪೋದಾಗ್ರಿ ಅಮ್ಮ. ಯಾರಿಗೆ, ಈ ಕೂಸಿಗೇನು?”

“ಅಲ್ಲ, ಇಲ್ಲಿ ಕುಂತಾಳಲ್ಲ ನಮ್ಮ ಸೊಸಿ. ಇಂಗ್ಲಿಷ್ ಟೀಚರ್ ಅದಾಳ. ಸ್ವಾಮಾರದೊಳಗ ಸಿಗಬೇಕ ನೋಡು.”